ಶೇಕಡಾವಾರಿನ ಹಿಂದಿರುವ ಬೆಂಚುಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಉತ್ತರ ಕನ್ನಡಕ್ಕೆ ಎರಡು ಅಂಕಿಗಳು ಸಿಗುತ್ತವೆ. ಕಂದಾಯ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಇದು ಎರಡು ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಕಾರವಾರ ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನ ತಾಲ್ಲೂಕುಗಳು ಶಿರಸಿಗೆ. 2024ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 73.40 ಇದ್ದಾಗ ಕಾರವಾರ ಭಾಗದ್ದು ಶೇ 86.54. ಮರುವರ್ಷ ಅದು ರಾಜ್ಯದಲ್ಲೇ ಮೂರನೆಯದಾಯಿತು.

ಹೆಮ್ಮೆಪಡಬೇಕಾದ ಅಂಕಿಗಳೇ. ಆದರೂ ಇದೇ ಕರಾವಳಿಯಲ್ಲಿ "ಸರ್ಕಾರಿ ಹೈಸ್ಕೂಲು ಮೊದಲಿನಂತಿಲ್ಲ" ಎಂಬ ಮಾತು ಬಾಯಿಂದ ಬಾಯಿಗೆ ಹರಿಯುತ್ತಲೇ ಇದೆ. ಈ ಮಾತನ್ನಾಡುವ ಎಷ್ಟೋ ಮನೆಗಳ ಮಕ್ಕಳು ಆ ಶಾಲೆಯಲ್ಲಿ ಓದುತ್ತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಶಾಲೆ ಬದಲಾದದ್ದಕ್ಕಿಂತ ಅದರ ಬೆಂಚಿನಲ್ಲಿ ಕೂರುವವರು ಬದಲಾದದ್ದು ಹೆಚ್ಚು.

ಈ ಜಿಲ್ಲೆಯನ್ನು ಬ್ರಿಟಿಷರು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರವರೆಗೆ ಇಲ್ಲಿನ ಓದು, ಪರೀಕ್ಷೆ, ನೌಕರಿಯ ಕನಸು ಎಲ್ಲವೂ ಮುಂಬೈ ಕಡೆಗೇ ಮುಖ ಮಾಡಿದ್ದವು. ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ. ಅಲ್ಲಿಗೆ ಹೋಗುತ್ತಿದ್ದವರು ಬಹುಪಾಲು ಜಮೀನು, ವ್ಯಾಪಾರ, ವಕೀಲಿಯ ಹಿನ್ನೆಲೆಯ ಮನೆಗಳ ಮಕ್ಕಳು. ಗೇಣಿ ಮಾಡುವ ಹಾಲಕ್ಕಿ ಒಕ್ಕಲಿಗರ, ಮೀನು ಹಿಡಿಯುವವರ ಮಕ್ಕಳಿಗೆ ಮೆಟ್ರಿಕ್ ಎಂಬುದು ದೂರದ ಊರಿನ ಸುದ್ದಿ. ಮೆಟ್ರಿಕ್ ಕೂರುವವರೇ ಬೆರಳೆಣಿಕೆಯಷ್ಟಿದ್ದಾಗ ಫಲಿತಾಂಶ ಚೆನ್ನಾಗಿದ್ದರೆ ಅದು ಇಡೀ ಊರಿನ ಫಲಿತಾಂಶವಾಗುವುದಿಲ್ಲ.

ಈ ಗೋಡೆಯನ್ನು ಒಡೆದವರಲ್ಲಿ ದಿನಕರ ದೇಸಾಯಿಯವರ ಹೆಸರು ಮೊದಲು ಬರಬೇಕು. ಗೇಣಿದಾರರ ಪರ ಹೋರಾಡಿದ್ದಕ್ಕೆ 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರಾದವರು ಅವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಪೇಟೆ ಬಿಟ್ಟು ಹಳ್ಳಿಗಳಲ್ಲಿ ಹೈಸ್ಕೂಲು ತೆರೆಯುತ್ತಾ ಹೋದರು. ಭೂಮಿಯ ಹಕ್ಕು ಕೇಳುವವನ ಮಗ ಓದಲೂ ಬೇಕು ಎಂಬುದು ಅವರಿಗೆ ಒಂದೇ ಹೋರಾಟದ ಎರಡು ಹೆಜ್ಜೆ. ಭಟ್ಕಳದಲ್ಲಿ ಅಂಜುಮನ್ ಶಿಕ್ಷಣ ಸಂಸ್ಥೆ 1919ರಿಂದಲೇ ಇತ್ತು. ಹೀಗಾಗಿ ಕರಾವಳಿಯಲ್ಲಿ ಪ್ರೌಢಶಿಕ್ಷಣದ ಬೆನ್ನೆಲುಬಾದವು ಇಂಥ ಸಂಸ್ಥೆಗಳು ನಡೆಸುವ, ಸರ್ಕಾರದ ಅನುದಾನ ಪಡೆಯುವ ಅನುದಾನಿತ ಶಾಲೆಗಳು. ಸರ್ಕಾರಿ ಪ್ರೌಢಶಾಲೆಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ತಡವಾಗಿ, ಅದೂ ಹೆಚ್ಚಾಗಿ ಯಾರೂ ಹೋಗದ ಜಾಗಗಳಿಗೆ. ಇವೆರಡರ ಫಲಿತಾಂಶವನ್ನು ಒಂದೇ ತಕ್ಕಡಿಗೆ ಹಾಕುವವರು ಈ ಹಿಂದುಮುಂದನ್ನು ನೋಡುವುದಿಲ್ಲ.

ಆಮೇಲೆ ಜನರೇ ಕದಲಿದರು. ಕಾರವಾರದ ಬಳಿ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎತ್ತಂಗಡಿಯಾಗಿ ತೋಡೂರು, ಹಾರವಾಡ, ಬೇಲೆಕೇರಿ ಕಡೆಯ ಪುನರ್ವಸತಿ ಕೇಂದ್ರಗಳಿಗೆ ಬಂದವು. ಕಡಲಿನ ಅಂಚಿನಲ್ಲಿದ್ದ ಮನೆ ಹೋದ ಮೇಲೆ ಅಪ್ಪನ ಕಸುಬೂ ಹಳಿ ತಪ್ಪಿತು. ಮಕ್ಕಳ ಓದು ಅದರ ಹಿಂದೆಯೇ ಹೋಯಿತು. ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದ ನೌಕರರ ಮಕ್ಕಳು ಕೇಂದ್ರ ಪಠ್ಯಕ್ರಮದ ಶಾಲೆಗಳಿಗೆ ಸೇರಿದರು. ಊರಿಗೆ ಸಂಬಳದಾರರು ಬಂದರೂ ಊರಿನ ಸರ್ಕಾರಿ ಶಾಲೆಗೆ ಅವರ ಮಕ್ಕಳು ಬರಲಿಲ್ಲ.

ಇನ್ನೊಂದು ಕಡೆ ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸುಗಳು ಹಳ್ಳಿಯ ಕೂಡುರಸ್ತೆಯವರೆಗೂ ಬಂದವು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಶೇ 25 ಸೀಟು ಮೀಸಲಾದಾಗ ಬಡ ಮನೆಗಳಲ್ಲೂ ಓದಿನ ಹಂಬಲ ಹೆಚ್ಚಿದ್ದವರು ಅತ್ತ ಸರಿದರು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಆ ಸೀಟಿಲ್ಲ ಎಂದಿತು. ಅಷ್ಟರಲ್ಲಿ ಹೋಗುವವರು ಹೋಗಿಯಾಗಿತ್ತು.

ಉಳಿದವರು ಯಾರು? ಕಾರವಾರದ ಹತ್ತನೇ ತರಗತಿಯೊಂದನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕೊಂಕಣಿ ಆಡುವ ಹುಡುಗಿಗೆ ಬೆಳಕಿನ ವಕ್ರೀಭವನ ಏನೆಂದು ಗೊತ್ತಿದೆ. ಕೈಯಾಡಿಸಿ ಚಂದವಾಗಿ ವಿವರಿಸುತ್ತಾಳೆ. ಉತ್ತರಪತ್ರಿಕೆಯಲ್ಲಿ ಮಾತ್ರ 'ಅಭಿಲಂಬದ ಕಡೆಗೆ ಬಾಗುತ್ತದೆ' ಎಂಬಲ್ಲಿ ಅವಳ ಪೆನ್ನು ನಿಲ್ಲುತ್ತದೆ. ಅವಳ ಪಕ್ಕದಲ್ಲಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ದಂಪತಿಯ ಮಗಳು. ಊರಿನ ಜಾತ್ರೆಗೆಂದು ಹೋದರೆ ಹದಿನೈದು ದಿನ ಪತ್ತೆಯಿಲ್ಲ. ಹಿಂದಿನ ಬೆಂಚಿನ ಹುಡುಗ ಆಗಸ್ಟ್‌ನಲ್ಲಿ ಮೀನುಗಾರಿಕೆ ನಿಷೇಧ ಮುಗಿದು ದೋಣಿ ಇಳಿದ ಕೂಡಲೇ ಬೆಳಗಿನ ಹೊತ್ತು ಬಂದರಿನಲ್ಲಿರುತ್ತಾನೆ. ಅಲ್ಲಿ ಸಿಗುವ ಕೂಲಿ ಮನೆಗೆ ಬೇಕು.

ಮೇಷ್ಟ್ರುಗಳಿಗೆ ಇದೆಲ್ಲ ಗೊತ್ತಿದೆ. ಕಲಿಕೆಯಲ್ಲಿ ಹಿಂದುಳಿದವರನ್ನು ಶಿಕ್ಷಕರು ಒಬ್ಬೊಬ್ಬರಾಗಿ ದತ್ತು ತೆಗೆದುಕೊಳ್ಳುತ್ತಾರೆ, ಸಂಜೆ ವಿಶೇಷ ತರಗತಿ ನಡೆಸುತ್ತಾರೆ, 'ಪಾಸಿಂಗ್ ಪ್ಯಾಕೇಜ್' ಕೊಟ್ಟು ನಕ್ಷೆ, ಚಿತ್ರ, ಪ್ರಮೇಯಗಳನ್ನು ಬರೆಸಿ ಬರೆಸಿ ಪಾಸಾಗುವಷ್ಟು ಅಂಕಕ್ಕೆ ಮುಟ್ಟಿಸುತ್ತಾರೆ. ಸಂಜೆ ತರಗತಿಗೆ ನಿಂತ ಹುಡುಗಿಗೆ ಕೊನೆಯ ಬಸ್ ತಪ್ಪುತ್ತದೆ. 2006ರಲ್ಲಿ ಶುರುವಾದ ಸೈಕಲ್ ಯೋಜನೆ ಇಂಥವರಿಗೆ ದೊಡ್ಡ ಆಸರೆಯಾಗಿತ್ತು. ಅದನ್ನು ನಿಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ.

ಇದಕ್ಕೆ ವಿರುದ್ಧವಾಗಿ ಕಾಣುವ ಉದಾಹರಣೆ ಘಟ್ಟದ ಮೇಲಿದೆ. 2020ರಲ್ಲಿ ಶಿರಸಿಯ ಸರ್ಕಾರಿ ಮಾರಿಕಾಂಬಾ ಪ್ರೌಢಶಾಲೆಯ ವಿದ್ಯಾರ್ಥಿನಿ 625ಕ್ಕೆ 625 ಅಂಕ ಪಡೆದಳು. ಸರ್ಕಾರಿ ಶಾಲೆಗೆ ಸಾಮರ್ಥ್ಯವಿಲ್ಲ ಎನ್ನುವವರಿಗೆ ಇಷ್ಟು ಉತ್ತರ ಸಾಕು. ಶಿರಸಿ ಪೇಟೆಯಲ್ಲಿ ಓದಿದ ಮನೆತನಗಳು ಆ ಶಾಲೆಯ ಕೈ ಬಿಟ್ಟಿಲ್ಲ. ಪಾಲಕರ ಸಭೆಗೆ ಬಂದು ಮೇಷ್ಟ್ರನ್ನು ಪ್ರಶ್ನಿಸುವ ಅಪ್ಪ ಅಮ್ಮಂದಿರಿದ್ದಾರೆ. ಅದೇ ಶೈಕ್ಷಣಿಕ ಜಿಲ್ಲೆಯ ಜೋಯಿಡಾದಲ್ಲಿ ಚದರ ಕಿಲೋಮೀಟರಿಗೆ ಮೂವತ್ತು ಜನರೂ ಇಲ್ಲ. ಕಾಡು ದಾಟಿ ಬರುವ ಕುಣಬಿ ಹುಡುಗನೂ ಶಿರಸಿ ಪೇಟೆಯ ಹುಡುಗಿಯೂ ಒಂದೇ ಶೇಕಡಾವಾರಿನೊಳಗೆ ಸೇರಿಹೋಗುತ್ತಾರೆ.

ಕಡಿಮೆ ಫಲಿತಾಂಶ ಬಂದ ಶಾಲೆಗೆ ಇಲಾಖೆ ನೋಟಿಸ್ ಕಳಿಸುತ್ತದೆ. ಮಗುವಿನ ಮಾತೃಭಾಷೆ, ಜಾತಿ, ಯಾವ ಶಾಲೆಯಿಂದ ಬಂದದ್ದು, ಹಾಜರಿ ಎಷ್ಟು ಎಂಬ ಮಾಹಿತಿಯೂ ಇಲಾಖೆಯ ವಿದ್ಯಾರ್ಥಿ ಸಾಧನೆ ದಾಖಲೆ ವ್ಯವಸ್ಥೆಯಲ್ಲೇ ಇದೆ. ಶಾಲೆಯವರೇ ಕೂತು ತುಂಬಿದ್ದು. ಮಕ್ಕಳ ಹೆಸರು ತೆಗೆದು ಆ ವಿವರವನ್ನು ಫಲಿತಾಂಶದ ಪಕ್ಕದಲ್ಲೇ ಶಾಲಾವಾರು ಪ್ರಕಟಿಸಲಿ. ಎಂಟನೇ ತರಗತಿಗೆ ಬಂದಾಗ ಕನ್ನಡ ಓದಲು ತಡವರಿಸುತ್ತಿದ್ದವರಲ್ಲಿ ಎಷ್ಟು ಮಂದಿ ಹತ್ತನೆಯದನ್ನು ದಾಟಿದರು ಎಂಬುದನ್ನೂ ಸೇರಿಸಲಿ. ನೋಟಿಸ್ ಬರೆಯುವ ಮುನ್ನ ಅಧಿಕಾರಿಗಳು ಆ ಪುಟವನ್ನು ಓದಬೇಕು. ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳಿಗೆ ಎಂಟನೇ ತರಗತಿಯಲ್ಲೇ ವಿಜ್ಞಾನದ ಕನ್ನಡವನ್ನು ಕಲಿಸುವ ಕೆಲಸಕ್ಕೆ ಎಲ್ಲೆಲ್ಲಿ ಶಿಕ್ಷಕರು ಬೇಕು ಎಂಬುದೂ ಆಗ ತಾನಾಗಿ ಕಾಣುತ್ತದೆ.