ಅನುದಾನ ಮೊದಲು ಕಣಕ್ಕೆ ಹೋಗಲಿ

ಕೃಷಿ ಸಂಶೋಧನಾ ಕೇಂದ್ರಕ್ಕೆ ಅನುದಾನ ಬಂತು ಅಂದರೆ ಮೊದಲು ಮಾತಿಗೆ ಬರುವುದು ಡ್ರೋನ್. ಆಮೇಲೆ ಸೆನ್ಸರ್. ಅವು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಪ್ರಯೋಗದ ತಾಕಿನ, ಅಂದರೆ ಅಳೆದು ಬಿತ್ತಿದ ಸಣ್ಣ ತುಂಡು ಹೊಲದ, ಇಳುವರಿ ಲೆಕ್ಕ ಜಾಸ್ತಿ ಕೆಡುವುದು ಕೊಯ್ಲಾದ ಮೇಲೆ. ಒಣಗಿಸುವಾಗ, ಒಕ್ಕುವಾಗ, ತೂಗುವಾಗ.

ರಾಗಿ ತಳಿ ಪ್ರಯೋಗವನ್ನೇ ನೋಡಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ತಾಕಿನಲ್ಲಿ 4.2 ಕೆಜಿ ಕಾಳು ಬಂತು ಅನ್ನಿ. ಹೆಕ್ಟೇರಿಗೆ 35 ಕ್ವಿಂಟಲ್. ತೂಗುವಾಗ ಕಾಳಿನಲ್ಲಿ ಶೇ. 18ರಷ್ಟು ತೇವ ಇತ್ತು ಅಂತಿಟ್ಟುಕೊಳ್ಳಿ. ಶೇ. 12ರ ತೇವಕ್ಕೆ ಲೆಕ್ಕ ಹಾಕಿದರೆ ಅದು 3.9 ಕೆಜಿಗೆ ಇಳಿಯುತ್ತದೆ. ಹೆಕ್ಟೇರಿಗೆ ಹತ್ತಿರ ಹತ್ತಿರ 2.4 ಕ್ವಿಂಟಲ್ ಬರೀ ನೀರು! ಜಿಪಿಯು-28, ಎಂಎಲ್-365ರಂಥ ಗಟ್ಟಿ ತಳಿಗಳ ಪಕ್ಕದಲ್ಲಿ ಹೊಸ ತಳಿ ಇಟ್ಟು ನಾವು ಹುಡುಕುವ ವ್ಯತ್ಯಾಸವೂ ಎಷ್ಟೋ ಸಲ ಇಷ್ಟೇ ಅಲ್ವಾ? ತಡವಾಗಿ ಮಾಗುವ ತಳಿಯನ್ನು ಹಸಿಯಾಗಿಯೇ ತೂಗಿದರೆ ಗೆದ್ದಂತೆ ಕಾಣುತ್ತದೆ. ಅದನ್ನು ನಂಬಿ ಬಿತ್ತುವವನು ರೈತ.

ನಮ್ಮ ದಕ್ಷಿಣ ಜಿಲ್ಲೆಗಳಲ್ಲಿ ರಾಗಿ ಕೊಯ್ಲು ನವೆಂಬರ್ ಹೊತ್ತಿಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗುವುದೂ ಆಗಲೇ. ಟಾರ್ಪಾಲಿನ್ ಹೊದಿಸಿದ ತೆನೆ ಒಳಗೇ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಚೀಟಿಯ ಶಾಯಿ ಕರಗಿದರೆ ಯಾವ ತಾಕಿನ ಚೀಲ ಯಾವುದು ಅಂತ ದೇವರಿಗೇ ಗೊತ್ತು. (ಚೀಟಿಯನ್ನು ಸೀಸದ ಕಡ್ಡಿಯಲ್ಲೇ ಬರೆಯಿರಿ. ಚೀಲದ ಒಳಗೊಂದು, ಹೊರಗೊಂದು.) ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲನೆಯದು ಮೇಲೆ ಸೂರು, ಕೆಳಗೆ ಸಿಮೆಂಟ್ ನೆಲ, ಸುತ್ತ ಗಾಳಿಯಾಡುವ ಒಣಗಿಸುವ ಕಣ.

ಅದರ ಒಂದು ಮೂಲೆಯಲ್ಲಿ ಗಾಳಿಗೆ ಮರೆಯಾದ ಪುಟ್ಟ ತೂಕದ ಕೋಣೆ ಇರಲಿ. ಬಯಲಲ್ಲಿ ಗಾಳಿ ಬೀಸಿದರೆ ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಕೆಲಸದವರು ಕಣ್ಣಂದಾಜಿನಲ್ಲಿ ಒಂದನ್ನು ಬರೆದುಕೊಳ್ಳುತ್ತಾರೆ. 12 ಚದರ ಮೀಟರ್ ತಾಕಿನಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 83 ಕೆಜಿ ತಪ್ಪಿದ ಹಾಗೆ. ತೇವ ಮಾಪಕ ಕೊಳ್ಳುವಾಗ ಅದರಲ್ಲಿ ರಾಗಿಗೆ ಸೆಟ್ಟಿಂಗ್ ಇದೆಯಾ ಅಂತ ಕೇಳಿ. ಆಗಾಗ ಓವನ್‌ನಲ್ಲಿ ಕಾಳು ಒಣಗಿಸಿ ತಾಳೆ ನೋಡಿ.

ಒಕ್ಕುವ ಯಂತ್ರದ ವಿಷಯದಲ್ಲಿ ನಾನು ತುಂಬಾ ಹಟಮಾರಿ. ಗಂಟೆಗೆ ಎಷ್ಟು ಕ್ವಿಂಟಲ್ ಒಕ್ಕುತ್ತದೆ ಅನ್ನುವುದು ನಮಗೆ ಮುಖ್ಯವಲ್ಲ. ಒಂದು ತಾಕು ಮುಗಿದ ಮೇಲೆ ಡ್ರಮ್ ತೆರೆದು, ಜರಡಿ ಕೊಡವಿ, ಕೊನೆಯ ಕಾಳನ್ನೂ ತೆಗೆಯಲು ಆಗಬೇಕು. ಇಲ್ಲದಿದ್ದರೆ ಹಿಂದಿನ ತಳಿಯ ಇಳುವರಿ ಮುಂದಿನ ತಳಿಯ ಖಾತೆಗೆ ಬೀಳುತ್ತದೆ. ಬೀಜವೂ ಬೆರಕೆಯಾಗುತ್ತದೆ.

ಇನ್ನೊಂದು ಖರ್ಚನ್ನು ಯಾರೂ ಕೇಳುವುದೇ ಇಲ್ಲ: ಮಾದರಿ ಇಡುವ ಕೋಣೆ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗದ ಕಾಳು, ಹುಲ್ಲು, ಮಣ್ಣನ್ನು ಒಣಗಿಸಿ ಇಟ್ಟಿದ್ದಾರೆ. ಡಿಎನ್ಎ ಅಂದರೆ ಏನು ಅಂತ ತಿಳಿಯದ ಕಾಲದಲ್ಲಿ ಎತ್ತಿಟ್ಟ ಗೋಧಿಯಲ್ಲೇ ನಂತರದ ವಿಜ್ಞಾನಿಗಳು ಎಲೆರೋಗದ ಶಿಲೀಂಧ್ರಗಳ ಡಿಎನ್ಎ ಪತ್ತೆ ಮಾಡಿದರು. ನಮ್ಮಲ್ಲೂ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್‌ನ ದೀರ್ಘಕಾಲದ ಗೊಬ್ಬರ ಪ್ರಯೋಗಗಳು 1970ರಿಂದ ನಡೆಯುತ್ತಿವೆ. ಅವುಗಳಲ್ಲಿ ಬೆಂಗಳೂರಿನದು ರಾಗಿ-ಮುಸುಕಿನ ಜೋಳದ ಮೇಲೆ. ಸಣ್ಣ ಕೇಂದ್ರಗಳಿಗೂ ಇದು ಕೈಗೆಟುಕದ ಕೆಲಸವೇನಲ್ಲ. ಇಲಿ ನುಗ್ಗದ, ತೇವ ಏರದ ಒಂದು ಕೋಣೆ, ಕಬ್ಬಿಣದ ರ‍್ಯಾಕು, ಗಟ್ಟಿ ಮುಚ್ಚಳದ ಡಬ್ಬಿಗಳು ಸಾಕು. ಮುಂದಿನ ಪ್ರಸ್ತಾವನೆ ಬರೆಯುವವರು ಡ್ರೋನ್‌ಗಿಂತ ಮೇಲೆ ಇದಕ್ಕೊಂದು ಸಾಲು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ.