ಪದ್ಯ ಹಳೆಯದು, ಕ್ಯಾಸೆಟ್ ಹಳೆಯದಲ್ಲ

ಶಿರಸಿಯ ನನ್ನ ಸ್ಟುಡಿಯೋಗೆ ಕುಮಟಾ, ಹೊನ್ನಾವರ, ಅಂಕೋಲೆ ಕಡೆಯಿಂದ ಹಿಪ್ ಹಾಪ್ ಮಾಡುವ ಹುಡುಗರು ಬರುತ್ತಾರೆ. ಬೀಟ್ ಚೆನ್ನಾಗಿ ಕಟ್ಟಿರುತ್ತಾರೆ, ಪ್ರಾಸವೂ ಒಳ್ಳೆಯದೇ. ಅಷ್ಟರಲ್ಲಿ ಹಿಂದಿನಿಂದ ಯಕ್ಷಗಾನದ ಭಾಗವತರ ದನಿ ಕೇಳುತ್ತದೆ. ಇದು ಯಾರದ್ದು ಎಂದರೆ ಉತ್ತರ ರೆಡಿ: "ಇನ್ನೂರು ವರ್ಷದ ಪ್ರಸಂಗದ ಪದ್ಯ ಸರ್, ಯಾರು ಕೇಳ್ತಾರೆ?"

ಪದ್ಯ ಇನ್ನೂರು ವರ್ಷದ್ದೇ ಇರಬಹುದು ಮಾರಾಯಾ. ನೀನು ಕತ್ತರಿಸಿ ತಂದಿದ್ದು 1985ರ ಕ್ಯಾಸೆಟ್ಟಿನಿಂದ!

ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಇದೊಂದೇ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಸಾಹಿತ್ಯ, ಸಂಗೀತ ಒಂದು ಕಡೆ. ಅದನ್ನು ಯಾರೋ ಹಾಡಿ, ಯಾರೋ ದುಡ್ಡು ಹಾಕಿ ಮಾಡಿದ ರೆಕಾರ್ಡಿಂಗ್ ಇನ್ನೊಂದು ಕಡೆ. ತೋಟ ಒಬ್ಬರದು, ಈ ವರ್ಷದ ಅಡಿಕೆ ಫಸಲು ಚೇಣಿ, ಅಂದರೆ ಗುತ್ತಿಗೆ, ಹಿಡಿದವರದು ಅಲ್ವಾ, ಹಾಗೆ. ಸ್ಯಾಂಪಲ್ ಮಾಡುವವರು, ಅಂದರೆ ಹಳೇ ರೆಕಾರ್ಡಿಂಗಿನ ತುಣುಕು ಕತ್ತರಿಸಿ ತಮ್ಮ ಹಾಡಿಗೆ ಸೇರಿಸುವವರು, ಎರಡೂ ಕಡೆ ಕೇಳಬೇಕು. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತದ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ರೆಕಾರ್ಡಿಂಗಿಗೆ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಅಂದರೆ ಆ ಕ್ಯಾಸೆಟ್ 2045 ಮುಗಿಯುವವರೆಗೂ ಇನ್ನೊಬ್ಬರ ಸ್ವತ್ತು. ಪುರಂದರದಾಸರ ಪದ ಎಲ್ಲರದು, ಅದನ್ನು ಹಾಡಿದ ಕ್ಯಾಸೆಟ್ ಅಲ್ಲ. ಹಾಡಿದವರಿಗೆ ಬೇರೆಯೇ ಹಕ್ಕಿದೆ, 50 ವರ್ಷದ್ದು. ಹಾಲಕ್ಕಿ ಸಮುದಾಯದ ಅಜ್ಜಿಯರ ಪದವನ್ನು ಫೋನಿನಲ್ಲಿ ಹಿಡಿದು ತಂದು "ಜಾನಪದ ಅಲ್ವಾ" ಎನ್ನುವವರೂ ಸ್ವಲ್ಪ ನಿಂತು ಯೋಚಿಸಿ.

ನಾನು ವಕೀಲನಲ್ಲ. ದೊಡ್ಡ ಮಟ್ಟದಲ್ಲಿ ಬಿಡುಗಡೆ ಮಾಡುವುದಾದರೆ ಅವರನ್ನೇ ಕೇಳಿ.

ಆಮೇಲೆ ಆ ಏಳು ಸೆಕೆಂಡಿನ ಕಥೆ. ಏಳು ಸೆಕೆಂಡಿನ ಒಳಗಿದ್ದರೆ ಏನೂ ಆಗಲ್ಲವಂತೆ. ನಮ್ಮ ಕಾಯ್ದೆಯಲ್ಲಿ ಅಂಥದ್ದು ಎಲ್ಲೂ ಇಲ್ಲ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ಬಾರಿಸಿದ ಡ್ರಮ್ ತುಣುಕು ಸುಮಾರು ಅಷ್ಟೇ ಉದ್ದ. ಸಾವಿರಾರು ಹಾಡುಗಳು ಅದರ ಮೇಲೆ ನಿಂತಿವೆ. ಆ ಪುಣ್ಯಾತ್ಮನಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ನನಗೆ ಕಾಯ್ದೆಗಿಂತ ಜಾಸ್ತಿ ಚುಚ್ಚುವುದು ಇದು.

"ಮೆಸೇಜ್ ಹಾಕಿದ್ದೆ, ಉತ್ತರ ಬರಲಿಲ್ಲ" ಎನ್ನುವವರಿಗೆ ಅಮೆರಿಕದ ರ‍್ಯಾಪ್ ಗಾಯಕ ಬಿಜ್ ಮಾರ್ಕಿಯ ಕಥೆ ಹೇಳುತ್ತೇನೆ. ಅವರ ಕಡೆಯವರು ಹಳೇ ಹಾಡಿನ ತುಣುಕು ಬಳಸಲು ಅನುಮತಿ ಕೇಳಿದ್ದರು, ಸಿಗಲಿಲ್ಲ, ಆದರೂ ಹಾಡನ್ನು ಆಲ್ಬಮ್ಮಿಗೆ ಸೇರಿಸಿದರು. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತೀರ್ಪು ಶುರು ಮಾಡಿದ್ದೇ ಬೈಬಲ್ಲಿನ "ಕದಿಯಬಾರದು" ಎಂಬ ಮಾತಿನಿಂದ. ನಮ್ಮ ಕಡೆಯವರೂ ಬಿಟ್ಟಿಲ್ಲ. ಲತಾ ಮಂಗೇಶ್ಕರ್ ಹಾಡಿದ 1981ರ ಹಿಂದಿ ಸಿನಿಮಾ ಹಾಡನ್ನು 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ಹಾಡಿಗೆ ಕೇಳದೇ ಬಳಸಿದರು. ಸಂಗೀತ ಬಪ್ಪಿ ಲಹರಿಯದು. ಅವರ ಹೆಸರು ಹಾಕುವ ತನಕ ಆಲ್ಬಮ್ ಮಾರುವಂತಿಲ್ಲ ಎಂದು ಲಾಸ್ ಏಂಜಲೀಸಿನ ಕೋರ್ಟು ಹೇಳಿತು.

ಹಾಗಾದರೆ ಏನು ಮಾಡುವುದು? ಹಳೇ ಪದ್ಯವಾದರೆ ಹೊಸದಾಗಿ ಹಾಡಿಸಿ. ಒಬ್ಬ ಹುಡುಗನಿಗೆ ಹಾಗೇ ಹೇಳಿದೆ. ಭಾಗವತರನ್ನೂ ಮದ್ದಳೆಯವರನ್ನೂ ಕರೆದುಕೊಂಡು ಬಂದ. ಭಾಗವತರು ಹೆಡ್‌ಫೋನ್ ಹಾಕಿ ಬೀಟ್ ಕೇಳಿದರು. "ಇದು ನಾಲ್ಕರ ಲೆಕ್ಕ. ನನ್ನ ಪದ್ಯ ಜಂಪೆ ತಾಳ, ಹತ್ತು ಅಕ್ಷರ, ಅಂದ್ರೆ ಹತ್ತರ ಲೆಕ್ಕ. ಎಲ್ಲಿ ಕೂರಿಸ್ತೆ ತಮಾ?" ಎಂದರು. ಹುಡುಗ ಕಕ್ಕಾಬಿಕ್ಕಿ. ಕೊನೆಗೆ ಬೀಟಿಗೆ ಕೂರುವ ಏಕತಾಳದ ಪದ್ಯ ಆರಿಸಿಕೊಂಡರು. ಕ್ಯಾಸೆಟ್ಟಿನ ತುಣುಕಿಗಿಂತ ಎಷ್ಟೋ ಚೆನ್ನಾಗಿ ಬಂತು. ಕ್ಯಾಸೆಟ್ಟಿನ ಆ ಮಬ್ಬು ಸದ್ದೇ ಬೇಕು ಎನ್ನುವವರಿಗೆ ಅದನ್ನು ಮಿಕ್ಸಿಂಗಿನಲ್ಲಿ ತಂದುಕೊಡಬಹುದು.

ಸಿನಿಮಾ ಹಾಡಿಗೆ ಈ ಉಪಾಯ ಅರ್ಧ ಮಾತ್ರ, ಸಾಹಿತ್ಯ, ಸಂಗೀತದ ಅನುಮತಿ ಬೇಕೇ ಬೇಕು. 1979ರ 'ರ‍್ಯಾಪರ್ಸ್ ಡಿಲೈಟ್' ಎಂಬ ರ‍್ಯಾಪ್ ಹಾಡಿಗೆ ಶಿಕ್ ತಂಡದ ಹಾಡಿನ ತುಣುಕನ್ನು ಸ್ಟುಡಿಯೋದಲ್ಲಿ ಹೊಸದಾಗಿಯೇ ನುಡಿಸಿದ್ದರು. ಆದರೂ ಮೂಲ ಹಾಡು ಬರೆದ ನೈಲ್ ರಾಡ್ಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಇಬ್ಬರಿಗೂ ಪಾಲು ಕೊಡಬೇಕಾಯಿತು.

ಹಾಡಿಸಿದ ದಿನವೇ ಕಲಾವಿದರಿಗೆ ದುಡ್ಡು ಕೊಟ್ಟು, ಒಂದು ಪುಟ ಬರೆಸಿ ಸಹಿ ಹಾಕಿಸಿಕೊಳ್ಳಿ. ಯೂಟ್ಯೂಬ್, ಸ್ಟ್ರೀಮಿಂಗ್, ರೀಲ್ಸ್, ಎಲ್ಲ ಹೆಸರಿಸಿ. ಡಿ ಲಾ ಸೋಲ್ ಎಂಬ ಹಿಪ್ ಹಾಪ್ ತಂಡದ 1989ರ ಆಲ್ಬಮ್ ಸ್ಟ್ರೀಮಿಂಗಿಗೆ ಬಂದಿದ್ದು 2023ರಲ್ಲಿ. ಹಳೇ ಸ್ಯಾಂಪಲ್ ಕರಾರುಗಳು ಕ್ಯಾಸೆಟ್, ರೆಕಾರ್ಡಿನ ಕಾಲದವು, ಅದೇ ದೊಡ್ಡ ತೊಡಕಾಗಿತ್ತು.

ಹಾಂ, ಹಾಡಿಸುವುದಿದ್ದರೆ ಮಳೆಗಾಲ ಬಿಟ್ಟು ಬನ್ನಿ. ನನ್ನ ಸ್ಟುಡಿಯೋದ್ದು ತಗಡಿನ ಮಾಡು.