ತಮಟೆ ಕೆಳಗಿಟ್ಟರೆ ಕಲೆ ಹೋಯಿತಾ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ. ಮೊದಲು ಜಾತ್ರೆಗೂ ಸಾವಿಗೂ ತಮಟೆ ಇರುತ್ತಿತ್ತು. ದಲಿತ ಸಂಘಟನೆಯವರು ಬಂದು ರಾಜಕೀಯ ತುಂಬಿದರು, ಹುಡುಗರು ತಮಟೆ ಬಿಟ್ಟರು, ಕಲೆ ಹಾಳಾಯಿತು ಎಂದು ಹಿರಿಯರು ಬೈಯುತ್ತಾರೆ. ಇದು ನಿಜವಾ?

ಹುಡುಗರು ಬಿಟ್ಟಿದ್ದು ನಿಜ. ಸಂಘಟನೆ ಬಿಡಿ ಅಂದಿದ್ದೂ ನಿಜ. ಆದರೆ ನಿಮ್ಮ ಹಿರಿಯರನ್ನು ಒಂದು ಮಾತು ಕೇಳಿ: ಆ ಕಾಲದಲ್ಲಿ ಅದನ್ನು ಕಲೆ ಅಂತ ಯಾರು ಕರೆಯುತ್ತಿದ್ದರು?

ನಮ್ಮ ಮಾತಲ್ಲೇ ಉತ್ತರ ಇದೆ. ವೀಣೆ ನುಡಿಸುತ್ತಾರೆ, ಮೃದಂಗ ಬಾರಿಸುತ್ತಾರೆ. ತಮಟೆ ಮಾತ್ರ ಬಡಿಯುತ್ತಾರೆ. ಅದು ಚಾಕರಿ. ನಡುರಾತ್ರಿ ಸಾವಾದರೂ ಹೋಗಬೇಕು, ಬರಲ್ಲ ಅನ್ನುವ ಹಾಗಿಲ್ಲ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಹತ್ತಿರ ಅಳೆದು ಕೊಡುವ ರಾಗಿ. ತೇರಿನ ಮುಂದೆ ಬಡಿದವನು ಗುಡಿ ಬಾಗಿಲಲ್ಲೇ ನಿಲ್ಲಬೇಕಿತ್ತು. ತೋಟಿ (ಊರಿನ ಚಾಕರಿ), ತಳವಾರಿಕೆ (ಊರ ಕಾವಲು) ಇಂಥ ವಂಶದ ಕೆಲಸಗಳನ್ನು ಸರ್ಕಾರವೇ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ತೆಗೆದುಹಾಕಿತು. ಜಾರಿಗೆ ಬಂದಿದ್ದು 1963ರಲ್ಲಿ. ಕಾಗದದ ಮೇಲೆ ಹೋಯಿತು, ಊರಲ್ಲಿ ಉಳಿಯಿತು.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂದ ಮೇಲೆ ಹಲವು ಊರುಗಳಲ್ಲಿ ಜನ ತಮಟೆ ಬಡಿಯಲ್ಲ, ಸತ್ತ ದನ ಎಳೆಯಲ್ಲ ಅಂದರು. ಇದು ರಾಜಕೀಯವೇ, ಒಪ್ಪುತ್ತೇನೆ. ಆದರೆ ತಮಟೆ ಬಡಿಯಲೇಬೇಕು ಅಂತ ಒಬ್ಬನನ್ನು ಬಲವಂತ ಮಾಡುವುದು ರಾಜಕೀಯ ಅಲ್ವಾ?

ಇನ್ನು ತಮಟೆಯ ಜಾಗ ಕಿತ್ತುಕೊಂಡವರ ಪಟ್ಟಿ ದೊಡ್ಡದು. ಮೊದಲು ಬ್ಯಾಂಡ್ ಸೆಟ್, ಆಮೇಲೆ ಡಿಜೆ. ಊರಹಬ್ಬದ ಡಿಜೆಗೆ ಮುಂಗಡ ಕೊಟ್ಟು ಬಂದವರು ಯಾವ ಸಂಘಟನೆಯವರು? ಹುಡುಗರು ನರಸಾಪುರ, ವೇಮಗಲ್ ಫ್ಯಾಕ್ಟರಿಗಳ ಶಿಫ್ಟ್‌ಗೆ ಹೋದರು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರು. ತಮಟೆಗೂ ಚರ್ಮದ ಬದಲು ಫೈಬರ್ ಬಂತು. ಅದಕ್ಕೆ ಹುಲ್ಲಿನ ಬೆಂಕಿಯಲ್ಲಿ ಕಾಯಿಸುವ ಗೋಜಿಲ್ಲ, ಮಳೆಗೂ ಹೆದರಬೇಕಿಲ್ಲ. ನನಗಂತೂ ಕಾಯಿಸಿದ ಚರ್ಮದ ದನಿಯೇ ಇಷ್ಟ. ಆದರೆ ಹೆಗಲಿಗೆ ಹಾಕಿಕೊಂಡು ಮೈಲಿಗಟ್ಟಲೆ ಕುಣಿಯುವವನು ನಾನಲ್ಲವಲ್ಲ!

ಬಿಡಿ ಅಂದವರೇ ತಮಟೆಯನ್ನು ಮತ್ತೆ ಎತ್ತಿಕೊಂಡರು ಅನ್ನುವುದನ್ನು ಮಾತ್ರ ನಿಮ್ಮ ಹಿರಿಯರು ಹೇಳುವುದಿಲ್ಲ. ಹೋರಾಟದ ಮೆರವಣಿಗೆಯಲ್ಲಿ ಹಾಡಿನ ಜೊತೆ ತಮಟೆ ಬಂತು. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿಗಳ ಹಾಡು, ನಾಟಕ ಕೇಳಲು ಜನ ಬೆಟ್ಟ ಹತ್ತಿ ಬಂದರು. 2007ರವರೆಗೆ ನಮ್ಮ ಜಿಲ್ಲೆಯೊಳಗೇ ಇದ್ದ ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆಗೆ. ವಾದ್ಯ ಅದೇ, ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ. ಬದಲಾಗಿದ್ದು, ಅದನ್ನು ಹಿಡಿದವನಿಗೆ ಇವತ್ತು ಒಲ್ಲೆ ಅನ್ನುವ ಹಕ್ಕಿದೆ. ಒಲ್ಲೆ ಅನ್ನಬಲ್ಲವನು ಮನಸ್ಸಿಟ್ಟು ನುಡಿಸಿದಾಗಲೇ ನಾನು ಅದನ್ನು ಕಲೆ ಅನ್ನುತ್ತೇನೆ. ಹಿಂದಿನವರ ಕೈಯಲ್ಲಿ ಕಲೆ ಇರಲಿಲ್ಲ ಅಂತಲ್ಲ. ಇತ್ತು, ಕೇಳುವವರು ಅದನ್ನು ಸದ್ದು ಅಂದುಕೊಂಡಿದ್ದರು.

ನಿಮ್ಮೂರ ಜಾತ್ರೆಗೆ ತಮಟೆ ಬೇಕೇ ಅಂದರೆ ತಂಡಗಳಿವೆ, ಹೆಣ್ಣುಮಕ್ಕಳ ತಂಡಗಳೂ ಇವೆ. ವೀಳ್ಯ ಕೊಟ್ಟು ಕರೆಯಿರಿ, ಡಿಜೆಗೆ ಕೊಡುವ ಹಾಗೆಯೇ ಮೊದಲೇ ಮಾತಾಡಿ ಮುಂಗಡ ಕೊಡಿ. ಊಟಕ್ಕೆ ಎಲ್ಲರ ಸಾಲಲ್ಲೇ ಎಲೆ ಹಾಕಿ. ಸಾವಿಗೆ ಬರಲ್ಲ ಅಂದರೆ ಸುಮ್ನೆ ಒತ್ತಾಯ ಮಾಡಬೇಡಿ.